ಮೊದಲ ಹತ್ತು ನಿಮಿಷ ಬಿಟ್ಟು ಹಿಡಿಯಿರಿ

ಕಳೆದ ವಾರ ನಮ್ಮ ಬೀದಿಯ ನಲ್ಲಿಯಲ್ಲಿ ಬಂದ ನೀರಿಗೆ ಬಣ್ಣ ಇತ್ತು. ಚಹಾದ ಬಣ್ಣ ಅಂದರೆ ಜಾಸ್ತಿಯಾಯಿತು, ಅದೇ ಪುಡಿಯಲ್ಲಿ ಮೂರನೇ ಸಲ ಕುದಿಸಿದ ಚಹಾ ಅನ್ನಬಹುದು. ವಾಸನೆ ಮಾತ್ರ ಚಹಾದ್ದಲ್ಲ. ಯಾವುದರದ್ದು ಅಂತ ಬಿಡಿಸಿ ಹೇಳಬೇಕಿಲ್ಲ, ನಿಮ್ಮೂರಲ್ಲೂ ಬಂದಿರುತ್ತದೆ.

ಫೋನ್ ಮಾಡಿದೆ. ಯಾವ ಊರು, ಯಾವ ಆಫೀಸು ಅಂತ ಕೇಳಬೇಡಿ. ನಾಳೆಯೂ ಅದೇ ನಲ್ಲಿಯ ಕೆಳಗೆ ಕೊಡ ಇಡಬೇಕಾದವನು ನಾನು. ಆ ಕಡೆಯವರು ತುಂಬಾ ಮರ್ಯಾದೆಯಿಂದ ಹೇಳಿದರು: "ಮೊದಲ ಹತ್ತು ನಿಮಿಷ ಬಿಟ್ಟುಬಿಡಿ ಸಾರ್. ಆಮೇಲೆ ಕ್ಲಿಯರ್ ಬರುತ್ತೆ."

ನಮ್ಮಲ್ಲಿ ನೀರು ಬರೋದು ಐದು ದಿನಕ್ಕೊಮ್ಮೆ, ನಲವತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಚರಂಡಿಗೆ ನೈವೇದ್ಯ. ಬೆಂಗಳೂರಲ್ಲಿ 2024ರ ಮಾರ್ಚಿನಲ್ಲಿ ಒಂದು ಆದೇಶ ಬಂತಲ್ಲ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ. ಸರಿಯಾದದ್ದೇ. ಆದರೆ ನೋಡಿ, ಕಾರು ತೊಳೆದರೆ ಅಪರಾಧ, ಚರಂಡಿ ತೊಳೆದರೆ ಸರ್ಕಾರಿ ಸಲಹೆ. ನಮ್ಮ ಬೀದಿಯ ಚರಂಡಿ ಈಗ ಎಷ್ಟು ಚೊಕ್ಕಟವಾಗಿದೆ ಅಂದರೆ, ಕೊಡವನ್ನು ಅಲ್ಲೇ ಅದ್ದಿದರೆ ಹೇಗೆ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಮಾರನೇ ದಿನ ಸಾಹೇಬರೊಬ್ಬರು ಬಂದರು. ಬೆಳಿಗ್ಗೆ ಹನ್ನೊಂದಕ್ಕೆ. ನೀರು ಬಂದು ಹೋಗಿದ್ದು ಹಿಂದಿನ ದಿನ ಬೆಳಗಿನ ಜಾವ ನಾಲ್ಕೂವರೆಗೆ. ನಲ್ಲಿ ತಿರುಗಿಸಿದರು. ಗಾಳಿ ಬಂತು. ಬಗ್ಗಿ ಮೂಸಿದರು.

"ವಾಸನೆ ಏನೂ ಇಲ್ವಲ್ಲ?"

"ನೀರೂ ಇಲ್ಲ ಸಾರ್."

ಅದನ್ನು ಬರೆದುಕೊಳ್ಳಲಿಲ್ಲ. ಅಮ್ಮ ಬುದ್ಧಿವಂತೆ, ಒಂದು ಬಾಟಲಿ ತುಂಬಿಸಿ ಎತ್ತಿಟ್ಟಿದ್ದಳು. ಕೊಟ್ಟೆವು. ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. ಹೊರಗಿನ ಸ್ಯಾಂಪಲ್ ತಗೊಳ್ಳೋಕೆ ಬರೋದಿಲ್ಲವಂತೆ. ಅವರ ಸ್ಯಾಂಪಲ್ ಊರಿನ ನೀರು ಸೋಸೋ ಫಿಲ್ಟರ್ ಹೌಸಿನಿಂದ ಆಗಲೇ ಲ್ಯಾಬಿಗೆ ಹೋಗಿದೆಯಂತೆ. ಫಿಲ್ಟರ್ ಹೌಸಿನ ನೀರು ಚೆನ್ನಾಗಿಯೇ ಇರುತ್ತದೆ, ಅನುಮಾನ ಬೇಡ. ಅಡುಗೆಮನೆಯಲ್ಲಿ ಸಾರಿನ ರುಚಿ ನೋಡಿ, ಪಂಕ್ತಿಯಲ್ಲಿ ಎಲೆಗೆ ಏನು ಬಿತ್ತೋ ನಮಗೆ ಗೊತ್ತಿಲ್ಲ ಅಂದ ಹಾಗಾಯಿತು.

ಎಲೆಗೆ ಏನು ಬೀಳುತ್ತದೆ ಅಂತ ತೋರಿಸಿದ್ದು ನಮ್ಮ ಬೀದಿಗೆ ನೀರು ಬಿಡೋ ಹುಡುಗ. ಚರಂಡಿಯ ಚಪ್ಪಡಿ ಒಂದನ್ನು ಎತ್ತಿದ. ಕಪ್ಪು ನೀರಿನ ನಡುವೆ ನಮ್ಮ ಮನೆಗೆ ಬರೋ ಜಿ.ಐ. ಪೈಪು ತುಕ್ಕು ಹಿಡಿದು ಮಲಗಿದೆ. ಜಾಯಿಂಟಿನ ಸುತ್ತ ಸೈಕಲ್ ಟ್ಯೂಬು ಬಿಗಿದು ಕಟ್ಟಿದ್ದಾರೆ. ಅದರ ಮೇಲೊಂದು ಹಾಲಿನ ಪ್ಯಾಕೆಟ್ಟು ಸಿಕ್ಕಿಕೊಂಡಿತ್ತು. "ನೀರು ನಿಲ್ಲಿಸಿದ್ ಮೇಲೆ ಪೈಪು ಖಾಲಿ ಆಗುತ್ತಲ್ಲ ಅಣ್ಣ, ಆವಾಗ ಇದು ಎಳ್ಕೊಳ್ಳುತ್ತೆ," ಅಂದ. ಅಷ್ಟೇ ವಿಷಯ. ನಾಲ್ಕು ದಿನ ಪೈಪು ಚರಂಡಿಯನ್ನು ಕುಡಿಯುತ್ತದೆ, ಐದನೇ ದಿನ ನಮಗೆ ಕುಡಿಸುತ್ತದೆ. ಲೈನಿಗೆ ನೇರ ಮೋಟಾರು ಹಾಕಿ ಎಳೆಯೋರಿಂದ ಇನ್ನೂ ಜಾಸ್ತಿ ಅಂತಲೂ ಹೇಳಿದ, ನಮ್ಮ ಗೇಟಿನ ಕಡೆ ನೋಡದೆ. ನಮ್ಮ ಮೋಟಾರನ್ನು ಅವತ್ತೇ ಬಿಚ್ಚಿದೆ. ಎದುರುಮನೆಯವರು ಬಿಚ್ಚಿಲ್ಲ.

ಇದನ್ನು ಓದಿ ಬೆಂಗಳೂರಿನವರು ನಗಬೇಕಾಗಿಲ್ಲ. ನಿಮ್ಮ ಕಾವೇರಿ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪಿನಲ್ಲಿ ಏದುಸಿರು ಬಿಟ್ಟು, ಸುಮಾರು ನೂರು ಕಿಲೋಮೀಟರು ನಡೆದು, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಬರುತ್ತಾಳೆ. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೇ ಹಂತ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಮನೆ ಬಾಗಿಲಲ್ಲೇ ಇದ್ದ ಅರ್ಕಾವತಿಗೆ ಏನು ಮಾಡಿದೆವು ಅನ್ನೋದು ಬೇಡ ಬಿಡಿ. ಆ ನದಿಗೆ ಕಟ್ಟಿದ 1933ರ ತಿಪ್ಪಗೊಂಡನಹಳ್ಳಿ ಜಲಾಶಯದ ನೀರನ್ನು ಕುಡಿಯೋಕಾಗದಷ್ಟು ಕೆಡಿಸಿದವರೂ ನಾವೇ, ದೂರದವಳನ್ನು ಕರೆತರಲು ಸಾವಿರಾರು ಕೋಟಿ ಸುರಿದವರೂ ನಾವೇ. ನೂರು ಕಿಲೋಮೀಟರು ಚೊಕ್ಕವಾಗಿ ಬಂದ ನೀರು ಕೊನೆಯ ಹತ್ತು ಅಡಿಯಲ್ಲಿ ಕೆಡುತ್ತದೆ. ಹಂತಕ್ಕೆ ಉದ್ಘಾಟನೆ ಉಂಟು, ಶಿಲಾಫಲಕ ಉಂಟು, ಬಾಗಿನ ಉಂಟು. ಜಾಯಿಂಟಿಗೆ ಯಾರು ಟೇಪು ಕತ್ತರಿಸುತ್ತಾರೆ? ಚರಂಡಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳೋಕಾಗುತ್ತಾ?

ಅಂದಹಾಗೆ, ಈ ಗಲಾಟೆಯ ವಾಸನೆ ಹಿಡಿದು ಮೊದಲು ಬಂದವನು ಮನೆಯಲ್ಲಿ ನೀರು ಶುದ್ಧ ಮಾಡೋ ಆರ್‌ಒ ಯಂತ್ರ ಮಾರೋ ಹುಡುಗ. ಟೈ ಕಟ್ಟಿದ್ದ. ಎರಡು ಲೋಟ ಕೇಳಿದ. ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನ ಬಾಟಲಿಯ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಸಿ ಕರೆಂಟ್ ಕೊಟ್ಟ. ನಮ್ಮ ಲೋಟ ನೋಡನೋಡುತ್ತಲೇ ಕೆಸರಾಯಿತು, ಅವನದ್ದು ಸ್ಫಟಿಕ. "ನೋಡಿ ಆಂಟಿ, ಇದನ್ನೇ ನೀವು ಕುಡೀತಿರೋದು," ಅಂದ. ಅಮ್ಮ ಒಳಗೆ ಹೋಗಿ ಒಂದು ಚಿಟಿಕೆ ಉಪ್ಪು ತಂದು ಅವನ ಲೋಟಕ್ಕೆ ಹಾಕಿದಳು. "ಈಗ ಕೊಡಪ್ಪ ಕರೆಂಟು." ಅವನದ್ದೂ ಕೆಸರಾಯಿತು. ನೀರಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕಡ್ಡಿಯ ಕಬ್ಬಿಣವೇ ಕರಗಿ ಬಣ್ಣ ಬಿಡುತ್ತದೆ. ಕೊಳಕಿಗೂ ಅದಕ್ಕೂ ಸಂಬಂಧ ಇಲ್ಲ. ಅಮ್ಮ ನಲವತ್ತು ವರ್ಷದ ಹಿಂದೆ ಹೈಸ್ಕೂಲಿನಲ್ಲಿ ವಿಜ್ಞಾನ ಓದಿದವಳು. ಪಾಪದ ಹುಡುಗ, ಪೆನ್ನಿನಂಥ ಟಿಡಿಎಸ್ ಮೀಟರು ತೆಗೆದ. ಅದೂ ಉಪ್ಪಿನಂಶವನ್ನೇ ಅಳೆಯೋದು. ಕಾಲರಾ ರೋಗಾಣು ತುಂಬಿದ ಲೋಟದಲ್ಲೂ ಅದು ಒಳ್ಳೇ ನಂಬರನ್ನೇ ತೋರಿಸಬಹುದು. ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆವು. ಮಜ್ಜಿಗೆಗೆ ಹಾಕಿದ್ದು ಕಾಯಿಸಿ ಆರಿಸಿದ ನೀರು ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಕುಡಿದ.

ಹೀಗೆ ನಗ್ತಾ ಬರೆದುಬಿಡಬಹುದು. ಆದರೆ 2022ರಲ್ಲಿ ರಾಯಚೂರಿನಲ್ಲಿ ಏನಾಯಿತು? ಈ ಕಡೆ ಕೃಷ್ಣೆ, ಆ ಕಡೆ ತುಂಗಭದ್ರೆ, ನಡುವಿನ ಊರಲ್ಲಿ ಜನ ನಲ್ಲಿ ನೀರು ಕುಡಿದು ಸತ್ತರು. ಶುದ್ಧೀಕರಣ ಘಟಕದಲ್ಲಿ ವರ್ಷಗಟ್ಟಲೆ ತೆಗೆಯದ ಹೂಳಿನ ಸುದ್ದಿ ಆಮೇಲೆ ಬಂತು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. 2024ರಲ್ಲಿ ಮೈಸೂರು ಪಕ್ಕದ ಕೆ. ಸಾಲುಂಡಿ. ಪ್ರತಿ ಸಲವೂ ಸ್ಯಾಂಪಲ್ ಲ್ಯಾಬಿಗೆ ಹೋಯಿತು, ಯಾರೋ ಒಬ್ಬರು ಸಸ್ಪೆಂಡ್ ಆದರು, ಪರಿಹಾರ ಘೋಷಣೆ ಆಯಿತು. ನಲ್ಲಿಯಲ್ಲಿ ಬರೋ ನೀರಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ನಿಯಮ ಇದೆ. ನೋಡೋಕೆ ಲ್ಯಾಬು ಬೇಡ, ಎರಡು ಹನಿ ಔಷಧ ಹಾಕಿದರೆ ನೀರು ಹಳದಿಯಾಗುತ್ತದೆ, ನಿಂತಲ್ಲೇ ಗೊತ್ತಾಗುತ್ತದೆ. ಬೀದಿಯ ಕೊನೆಯ ಮನೆಯ ನಲ್ಲಿಗೆ ನೀರು ಬಿಟ್ಟ ದಿನ ಒಬ್ಬ ಮನುಷ್ಯ ಹೋಗಿ ಎರಡು ಹನಿ ಹಾಕೋಕೆ ಆಗಲ್ವಾ? ಇದಕ್ಕೂ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಬೇಕಾ? ಸಾಕಾಗಿದೆ ಮಾರಾಯ್ರೆ.

ಮೊನ್ನೆ ಮತ್ತೆ ನೀರು ಬಂತು. ಇಡೀ ಬೀದಿ ಕತ್ತಲಲ್ಲಿ ಖಾಲಿ ಕೊಡ ಹಿಡಿದು, ಮೊಬೈಲ್ ನೋಡುತ್ತಾ ಹತ್ತು ನಿಮಿಷ ಎಣಿಸುತ್ತಿತ್ತು. ವಾಲ್ವು ತಿರುಗಿಸಿ ಬಂದ ಹುಡುಗ ನಮ್ಮ ಗೇಟಿನ ಹತ್ತಿರ ನಿಂತ. ಜಾಯಿಂಟಿನ ಟ್ಯೂಬು ಮತ್ತೆ ಸಡಿಲ ಆಗಿದೆಯಂತೆ. ಹೊಸ ಪೈಪಿಗೆ ಆಫೀಸಿನಲ್ಲಿ ಬರೆದು ಕೊಟ್ಟು ವರ್ಷ ಆಯಿತಂತೆ. ಈಗ ಕಟ್ಟಿರೋದು ಅವನದೇ ಸೈಕಲ್ಲಿನದು.

"ಮನೇಲಿ ಹಳೇ ಟ್ಯೂಬ್ ಇದ್ರೆ ಕೊಡಿ ಅಣ್ಣ."

ಮಗನ ಸೈಕಲ್ಲಿನದು ಅಟ್ಟದ ಮೇಲೆ ಒಂದಿತ್ತು. ಎರಡು ಕಡೆ ಪಂಚರ್ ಹಾಕಿಸಿದ್ದು. ಪರವಾಗಿಲ್ಲ ಅಂದ.