ಆರು ಬಿಳಿ, ಒಂದು ನೀಲಿ

ನನ್ನ ಲ್ಯಾಪ್‌ಟಾಪಿನ ಪರದೆಯ ಬಲಮೂಲೆಯಲ್ಲಿ ಏಳು ಪುಟ್ಟ ಚಿತ್ರಗಳು ಸಾಲಾಗಿ ಕುಳಿತಿರುತ್ತವೆ. ಅಪ್‌ಡೇಟ್ ಬಂದಿದೆಯೆಂದು ತಿಳಿಸುವ ಬಾಣ, ನಕಲು ಮಾಡಿದ್ದನ್ನು ನೆನಪಿಟ್ಟುಕೊಳ್ಳುವ ಕ್ಲಿಪ್‌ಬೋರ್ಡ್, ಸದ್ದು, ಬ್ಲೂಟೂತ್, ವೈಫೈ, ಬ್ಯಾಟರಿ, ಕೊನೆಗೆ ಎಡತುದಿಯಲ್ಲಿ ನನ್ನ ಕಡತಗಳನ್ನು ದೂರದ ಸರ್ವರಿಗೆ ಸಾಗಿಸುವ ಒಂದು ತಂತ್ರಾಂಶ. ಮೊದಲಿನ ಆರೂ ಬಿಳಿ. ಏಳನೆಯದು ನೀಲಿ. ಸಾಧಾರಣ ನೀಲಿಯಲ್ಲ, ಮದುವೆಯ ಪಂಕ್ತಿಯಲ್ಲಿ ಬಿಳಿ ಪಂಚೆಯುಟ್ಟ ಆರು ಹಿರಿಯರ ಪಕ್ಕದಲ್ಲಿ ಯಾರೋ ಈಜುಕೊಳದಿಂದ ಎದ್ದವನು ಹಾಗೆಯೇ ಬಂದು ಎಲೆಯ ಮುಂದೆ ಕುಳಿತಂಥ ನೀಲಿ.

ನಾಲ್ಕು ವರ್ಷ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಳೆದ ಆಷಾಢದ ಒಂದು ಶುಕ್ರವಾರ ಹೆಂಡತಿ ಚಾಮುಂಡಿಬೆಟ್ಟಕ್ಕೆ ಹೋಗಿದ್ದಳು. ಮೈಸೂರಿನಲ್ಲಿ ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋದವರು ಯಾವಾಗ ಇಳಿದು ಬರುತ್ತಾರೆಂದು ಹೇಳುವವರಿಲ್ಲ. ಮನೆಯಲ್ಲಿ ನಾನೊಬ್ಬನೇ. ಮುಂದೆ ಅನುವಾದಿಸಬೇಕಾದ ನಲವತ್ತು ಪುಟಗಳ ವಿಮಾ ನಿಯಮಾವಳಿ. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಪರದೆಯ ಮೂಲೆ ಕಾಣಿಸದೆ ಇನ್ನೇನು ಕಾಣಿಸುತ್ತದೆ?

ಈ ಲ್ಯಾಪ್‌ಟಾಪ್ ಹಳೆಯದು. ಅದು ಏದುಸಿರು ಬಿಡತೊಡಗಿದಾಗ ಮಗ ಅದರಲ್ಲಿದ್ದುದನ್ನೆಲ್ಲ ಅಳಿಸಿ, ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಹಾಕಿಕೊಟ್ಟು ಪುಣೆಗೆ ಹೊರಟುಹೋಗಿದ್ದ. ಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್. ಅದರ ಲಾಂಛನ ಇಲಿ. ಗಣಪನನ್ನೇ ಹೊತ್ತವನಿಗೆ ನನ್ನ ಕಡತಗಳು ಯಾವ ಲೆಕ್ಕ ಎಂದು ನಂಬಿ ನೆಮ್ಮದಿಯಾಗಿದ್ದೆ. ಹೋಗುವಾಗ ಮಗ, "ಅಪ್ಪ, ಇದರಲ್ಲಿ ಏನು ಬೇಕಾದರೂ ಬದಲಾಯಿಸಿಕೊಳ್ಳಬಹುದು" ಎಂದಿದ್ದ. ಹೊಗಳಿಕೆಯ ಧಾಟಿಯಲ್ಲಿ ಹೇಳಿದ್ದರಿಂದ ಅದೊಂದು ಎಚ್ಚರಿಕೆ ಎಂದು ನನಗೆ ತಿಳಿಯಲಿಲ್ಲ.

ಲಿನಕ್ಸ್‌ನಲ್ಲಿ ಚಿತ್ರಗಳಿಗೆ ಒಂದು ವಂಶಾವಳಿ ಇರುತ್ತದೆ. ಐಕಾನ್ ಥೀಮ್ ಎಂದರೆ ಒಂದು ಫೋಲ್ಡರು. ಅದರೊಳಗೆ ಅಳತೆಗೊಂದು ಕೋಣೆ: 16 ಪಿಕ್ಸೆಲ್, 22 ಪಿಕ್ಸೆಲ್, 24 ಪಿಕ್ಸೆಲ್, ಹೀಗೆ. ಬಾಗಿಲಲ್ಲಿ 'ಇಂಡೆಕ್ಸ್ ಡಾಟ್ ಥೀಮ್' ಎಂಬ ಕಡತ. ಅದರಲ್ಲಿ 'ಇನ್‌ಹೆರಿಟ್ಸ್' ಎಂಬ ಸಾಲು, ಅಂದರೆ ಈ ಮನೆಯಲ್ಲಿ ಸಿಗದಿದ್ದರೆ ಯಾರ ಮನೆಯಲ್ಲಿ ಕೇಳಬೇಕು ಎಂಬ ವಿಳಾಸ. ನನ್ನ ಮನೆಯಲ್ಲಿಲ್ಲವೇ, ಅಪ್ಪನ ಮನೆಗೆ ಹೋಗು. ಅಲ್ಲೂ ಇಲ್ಲವೇ, ಅಜ್ಜನ ಮನೆಗೆ ಹೋಗು. ಎಲ್ಲೂ ಇಲ್ಲವಾದರೆ ಕೊನೆಗೆ 'ಹೈಕಲರ್' ಎಂಬ ಛತ್ರ. ಮೂಲ ಥೀಮನ್ನು ಮುಟ್ಟದೆ ನನ್ನದೇ ಒಂದು ಪುಟ್ಟ ಥೀಮ್ ಮಾಡಿ, ಅದರಲ್ಲಿ ಆ ನೀಲಿಗೆ ಒಂದು ಬಿಳಿ ಚಿತ್ರವಿಟ್ಟು, ಉಳಿದದ್ದಕ್ಕೆಲ್ಲ ಅಪ್ಪನ ಮನೆ ತೋರಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ.

ಅಪ್ಪನ ಮನೆಯ ಹೆಸರು 'ಪ್ಯಾಪಿರಸ್-ಡಾರ್ಕ್'. ನಾನು ಅದರ ಮೊದಲಕ್ಷರವನ್ನು ಇಂಗ್ಲಿಷಿನ ಸಣ್ಣ 'ಪಿ'ಯಲ್ಲಿ ಬರೆದೆ. ಲಿನಕ್ಸ್‌ಗೆ ದೊಡ್ಡ ಪಿ ಬೇರೆ, ಸಣ್ಣ ಪಿ ಬೇರೆ. ಇಬ್ಬರಿಗೂ ಮಾತುಕತೆ ಇಲ್ಲ. ಮೊದಲು ಏನೂ ಆಗಲಿಲ್ಲ. ಐದು ಸಲ ಉಳಿಸಿದೆ, ಐದು ಸಲವೂ ಏನೂ ಆಗಲಿಲ್ಲ. ಪ್ಯಾನೆಲನ್ನು, ಅಂದರೆ ಈ ಚಿತ್ರಗಳು ಕೂರುವ ಪಟ್ಟಿಯನ್ನು, ಮತ್ತೆ ಎಬ್ಬಿಸಿದರೆ ಮಾತ್ರ ಬದಲಾವಣೆ ಕಾಣುತ್ತದೆ ಎಂದು ಎಲ್ಲೋ ಓದಿ ಎಬ್ಬಿಸಿದೆ. ಎದ್ದಿತು. ಪರದೆಯ ಮೇಲಿದ್ದ ಎಲ್ಲ ಚಿತ್ರಗಳೂ ಅನಾಥವಾಗಿದ್ದವು. ಫೋಲ್ಡರಿಗೆ ಚಿತ್ರವಿಲ್ಲ, ಕಸದಬುಟ್ಟಿಗೆ ಚಿತ್ರವಿಲ್ಲ, ಮೆನುವಿನ ತುಂಬ 'ಚಿತ್ರವಿಲ್ಲ' ಎಂದು ಹೇಳುವ ಚಿತ್ರ. ಬಿಳಿ ಪಂಚೆಯ ಹಿರಿಯರು ಆರೂ ಜನ ಎಲೆ ಬಿಟ್ಟು ಎದ್ದು ಹೋಗಿದ್ದರು.

ನೀಲಿಯವನು ಮಾತ್ರ ಇದ್ದ. ನೀಲಿಯಾಗಿಯೇ ಇದ್ದ.

ಮಗನಿಗೆ ಫೋನು ಮಾಡಿದೆ. "ಅಪ್ಪ, ಏನು ಮುಟ್ಟಿದೆ ನೀನು?" ಎಂದ. "ನಾನೇನೂ ಮುಟ್ಟಿಲ್ಲ" ಎಂದೆ. ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಯ ಟೇಪ್‌ರೆಕಾರ್ಡರಿನ ಬಾಗಿಲು ಕಿತ್ತುಬಂದಿದ್ದಾಗ ಇದೇ ಪ್ರಶ್ನೆ, ಇದೇ ಉತ್ತರ. ಕೇಳಿದವನು, ಹೇಳಿದವನು ಅದಲುಬದಲು, ಅಷ್ಟೇ. ಆಗ ನಾನು ನಂಬಿರಲಿಲ್ಲ. ಅವನೂ ನಂಬಲಿಲ್ಲ. ಅಕ್ಷರ ತಿದ್ದಿಸಿದ. ಹಿರಿಯರು ಕೈಕಾಲು ತೊಳೆದುಕೊಂಡು ಮತ್ತೆ ಬಂದು ಕುಳಿತರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ಬಾಗಿಲು ತೆರೆದ ಮೇಲೆ ಒಳಗೆ ಬೇರೆ ಕೋಣೆಗಳೂ ಕಂಡವು. ಬ್ಯಾಟರಿಯ ಚಿತ್ರ ನನ್ನ ಕನ್ನಡಕಕ್ಕೆ ತೀರ ತೆಳ್ಳಗಿತ್ತು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಒಂದು ದಪ್ಪನೆಯ ಬ್ಯಾಟರಿ ಬರೆದೆ. ಹೊಟ್ಟೆ ತುಂಬಿದ, ನೋಡಿದರೆ ಸಮಾಧಾನವಾಗುವಂಥ ಬ್ಯಾಟರಿ. ಹೆಸರಿಡಲು ಹೋದರೆ ಅದಕ್ಕಿರುವುದು ಒಂದು ಹೆಸರಲ್ಲ. ಸೊನ್ನೆಯಿಂದ ನೂರರವರೆಗೆ ಹತ್ತತ್ತು ಶೇಕಡಾಕ್ಕೆ ಒಂದೊಂದು, ಚಾರ್ಜ್ ಆಗುತ್ತಿರುವಾಗ ಅವೇ ಮತ್ತೊಮ್ಮೆ, ಪೂರ್ತಿ ಆದ ಮೇಲೆ ಇನ್ನೊಂದು. ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು. ವಿಷ್ಣುವಿಗೆ ಸಾವಿರವಿರುವಾಗ ಇದಕ್ಕೆ ಇಷ್ಟಿದ್ದರೆ ತಪ್ಪಲ್ಲ. ಆದರೆ ಬರೆಯುವವನು ನಾನು. ಸದ್ಯಕ್ಕೆ ಹೇಗೆ ಕಾಣುತ್ತದೋ ನೋಡೋಣ ಎಂದು ಎಲ್ಲ ಹೆಸರುಗಳಿಗೂ ಅದೇ ಒಂದು ಚಿತ್ರವನ್ನು ಕೊಂಡಿ ಹಾಕಿದೆ. ಉಳಿದವನ್ನು ಸಂಜೆ ಬರೆದರಾಯಿತು. ಚೆನ್ನಾಗಿ ಕಂಡಿತು. ಸಂಜೆ ಮರೆತೆ.

ಸೋಮವಾರ ವಿಡಿಯೋ ಮೀಟಿಂಗು. ನನಗೆ ಅನುವಾದದ ಕೆಲಸ ಕೊಡುವ ಸಂಸ್ಥೆಯ ಮೇಡಂ, ಅವರ ಜೊತೆ ಇನ್ನು ಮೂವರು. ನಾನು ಕುಳಿತುಕೊಳ್ಳುವುದು ಊಟದ ಮೇಜಿನಲ್ಲಿ. ಅಲ್ಲಿರುವ ಏಕೈಕ ಪ್ಲಗ್ ಪಾಯಿಂಟಿಗೆ ನಾನೂ ಮಿಕ್ಸಿಯೂ ಸಮಾನ ಹಕ್ಕುದಾರರು. ಹೆಂಡತಿ ಬಾಗಿಲಲ್ಲಿ ನಿಂತು ಸನ್ನೆ ಮಾಡಿ ಕೇಳಿದಳು: "ರೀ, ಚಾರ್ಜ್ ಇದೆಯೇ?" ನಾನು ಮೂಲೆಯತ್ತ ನೋಡಿದೆ. ಹೊಟ್ಟೆ ತುಂಬಿದ ಬ್ಯಾಟರಿ. ಉದಾರವಾಗಿ ಕೈ ಬೀಸಿದೆ. ಅವಳು ನನ್ನ ಪಿನ್ನು ಕಿತ್ತು ಚಟ್ನಿ ಅರೆಯಲು ಹೋದಳು. ಚಟ್ನಿ ಆಯಿತು, ಪಿನ್ನು ಮರಳಲಿಲ್ಲ. ನನಗೂ ಅದರ ನೆನಪಾಗಲಿಲ್ಲ, ಯಾಕೆಂದರೆ ಬ್ಯಾಟರಿ ನಲವತ್ತು ನಿಮಿಷದ ನಂತರವೂ ಒಂದು ಕೂದಲಷ್ಟೂ ಇಳಿದಿರಲಿಲ್ಲ. ಹಳೆಯ ಯಂತ್ರವಾದರೂ ಎಷ್ಟು ಗಟ್ಟಿ ಎಂದು ಒಳಗೊಳಗೇ ಬೀಗಿದೆ. ಚಾರ್ಜ್ ಕಡಿಮೆಯಾದರೆ ಪರದೆಯ ಮೇಲೆ ಚೀಟಿ ತೋರಿಸುವ ವ್ಯವಸ್ಥೆ ಇಲ್ಲದಿಲ್ಲ; ಆದರೆ ಅದು ತೀರ ವಾಚಾಳಿಯೆಂದು ಹಿಂದೊಮ್ಮೆ ನಾನೇ ಅದರ ಬಾಯಿ ಮುಚ್ಚಿಸಿದ್ದೆ.

"ನಿಯಮಾವಳಿ ಬುಧವಾರಕ್ಕೆ ಸಿಗುತ್ತದೆಯಲ್ಲವೇ?" ಎಂದರು ಮೇಡಂ.

"ಖಂಡಿತ. ನನ್ನ ಕಡೆಯಿಂದ ಯಾವ ಅಡಚಣೆಯೂ..." ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. ಅದರಲ್ಲಿ ನನ್ನದೇ ಮುಖ ಕಂಡಿತು, ಬಾಯಿ ತೆರೆದ ಸ್ಥಿತಿಯಲ್ಲಿ.

ಚಟ್ನಿ ಚೆನ್ನಾಗಿತ್ತು.

ಕಪ್ಪಿನ ಮೇಲೆ ಬಿಳಿ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬ ಆಲೋಚನೆ ಆ ಕಪ್ಪು ಪರದೆಯಿಂದಲೇ ಬಂದಿರಬೇಕು. ಮಂಗಳವಾರ ಮಗನಿಗೆ ಹೇಳದೆ, ಬೂದು ಬಣ್ಣವಿದ್ದ ಮೇಲಿನ ಪಟ್ಟಿಯನ್ನು ಅಪ್ಪಟ ಕಪ್ಪು ಮಾಡಿದೆ. ಆರು ಚಿತ್ರಗಳೂ ಮಲ್ಲಿಗೆ ಮೊಗ್ಗಿನಂತೆ ಅರಳಿದವು.

ಆದರೆ ಆ ಮೂಲೆಯಲ್ಲಿ ಏಳಲ್ಲ, ಎಂಟು ಇದ್ದವು. ಎಂಟನೆಯದು ಚಿತ್ರವಲ್ಲ, ಅಕ್ಷರ. ಹಾಗಾಗಿ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕನ್ನಡ ಬೆರಳಚ್ಚಿಗೆಂದು ನಾನು ಬಳಸುವ ಐಬಸ್ ಎಂಬ ವ್ಯವಸ್ಥೆ, ಈಗ ಕನ್ನಡದಲ್ಲಿದ್ದೇನೆಯೋ ಇಂಗ್ಲಿಷಿನಲ್ಲೋ ಎಂಬುದನ್ನು ಎರಡಕ್ಷರದಲ್ಲಿ ಹೇಳುತ್ತದೆ. ಆ ಅಕ್ಷರಗಳ ಬಣ್ಣ ಗಾಢ ನೀಲಿ. ಬೂದು ಪಟ್ಟಿಯ ಮೇಲೆ ಕಾಣುತ್ತಿತ್ತು; ಕಪ್ಪು ಪಟ್ಟಿಯಲ್ಲಿ ಮುಳುಗಿಹೋಯಿತು. ಅಮಾವಾಸ್ಯೆಯ ರಾತ್ರಿ ನೀಲಿ ಸೀರೆ ಒಣಗಿಹಾಕಿದ ಹಾಗೆ.

ಮಂಗಳವಾರ ಮಧ್ಯಾಹ್ನ ಮೇಡಂ ಚಾಟ್‌ನಲ್ಲಿ ಕೇಳಿದರು: ಬುಧವಾರದವರೆಗೆ ಕಾಯದೆ ಇವತ್ತು ಸಂಜೆಗೇ ಕಳುಹಿಸಲು ಆಗುತ್ತದೆಯೇ? ನಾನು ಬೆರಳು ನೋಡಿಕೊಂಡು ಟೈಪಿಸುವ ಕಾಲದವನು, ಪರದೆ ನೋಡುವುದು ಕಳುಹಿಸಿದ ಮೇಲೆ. ಇಂಗ್ಲಿಷಿನಲ್ಲಿ 'ಶೂರ್' ಎಂದು ಬರೆಯಲು ಎಸ್, ಯು, ಆರ್, ಇ ಎಂಬ ನಾಲ್ಕು ಕೀಲಿ ಒತ್ತಿ ಕಳುಹಿಸಿದೆ. ಕೀಲಿಮಣೆ ಕನ್ನಡದಲ್ಲಿತ್ತು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆಯ ಚೆಂದವೇ ಅದು: ಒತ್ತಿದ ಅಕ್ಷರದ ಉಚ್ಚಾರಣೆಗೆ ಸರಿಯಾದ ಕನ್ನಡ ಅಕ್ಷರವೇ ಬರುತ್ತದೆ. ಎಸ್‌ಗೆ ಸ, ಯುಗೆ ಉಕಾರ, ಆರ್‌ಗೆ ರ, ಇಗೆ ಎಕಾರ.

ಸಂಜೆಗೆ ಕಳುಹಿಸುತ್ತೀರಾ ಎಂದು ಕೇಳಿದ ಮಹಿಳೆಗೆ ನಾನು ಕೊಟ್ಟ ಉತ್ತರ: "ಸುರೆ."

ಎರಡು ನಿಮಿಷ ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಬಂತು: "ಅದು ಬೇಡ ಸರ್. ಅನುವಾದ ಕಳುಹಿಸಿದರೆ ಸಾಕು."

ಅಕ್ಷರದ ಬಣ್ಣ ಬದಲಾಯಿಸಲು ಒಂದು ಸಾಲಿನ ಆಜ್ಞೆ ಇದೆ; ಟರ್ಮಿನಲ್ಲಿನಲ್ಲಿ ಅದನ್ನು ಟೈಪಿಸಿ ತಿಳಿನೀಲಿ ಮಾಡಿದರೆ ಕೆಲಸ ಮುಗಿಯುತ್ತದೆ. ನನಗೆ ಅದು ಸಾಲದಾಯಿತು. ಮಾನ ಹೋದ ಮೇಲೆ ಪರಿಹಾರವೂ ಅದಕ್ಕೆ ತಕ್ಕ ಹಾಗಿರಬೇಕು. ಎರಡು ಇಂಗ್ಲಿಷ್ ಅಕ್ಷರಗಳ ಬದಲು ಒಂದು ದೊಡ್ಡ 'ಕ' ಬರೆದು ಕೂರಿಸುತ್ತೇನೆ ಎಂದು ಹೊರಟೆ. 22 ಪಿಕ್ಸೆಲ್ ಅಗಲ, 22 ಪಿಕ್ಸೆಲ್ ಎತ್ತರದ ಜಾಗದಲ್ಲಿ ಕನ್ನಡ ಬರೆಯುವುದೆಂದರೆ ಅಕ್ಕಿಕಾಳಿನ ಮೇಲೆ ಕೆತ್ತುವ ಕೆಲಸ. ಇಂಗ್ಲಿಷಿನ ಅಕ್ಷರಗಳು ಗೂಟ ಮತ್ತು ಅಡ್ಡಪಟ್ಟಿ. ಚೌಕದೊಳಗೆ ಸಲೀಸಾಗಿ ನಿಲ್ಲುತ್ತವೆ. ನಮ್ಮವು ಉಂಡೆ, ಸುರುಳಿ, ಕೊಂಡಿ. ಮೊದಲ ಸಲ 'ಕ' ಬರೆದಾಗ ಸೊಳ್ಳೆ ಸತ್ತು ಬಿದ್ದಂತೆ ಕಂಡಿತು. ಗೆರೆ ದಪ್ಪ ಮಾಡಿದರೆ ಒಳಗಿನ ತೂತುಗಳು ಮುಚ್ಚಿ ಬೋಂಡಾ ಆಯಿತು. ತೆಳ್ಳಗೆ ಮಾಡಿದರೆ ಮತ್ತೆ ಸೊಳ್ಳೆ. ಸೊಳ್ಳೆ ಮತ್ತು ಬೋಂಡಾದ ನಡುವೆ ಓಡಾಡಿ ರಾತ್ರಿ ಹನ್ನೊಂದಾಯಿತು. ವಿಮಾ ನಿಯಮಾವಳಿಯ ಹದಿನೇಳನೆಯ ಪುಟ ಹದಿನೇಳನೆಯ ಪುಟವಾಗಿಯೇ ಉಳಿಯಿತು. ಕೊನೆಗೆ ಆ ಒಂದು ಸಾಲಿನ ಆಜ್ಞೆಯನ್ನೇ ಹೊಡೆದು ಮಲಗಿದೆ. ಅದನ್ನೂ ಮೊದಲ ಸಲ ಕನ್ನಡದಲ್ಲೇ ಹೊಡೆದಿದ್ದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ನಡೆಯುವಾಗಲೂ ನೀಲಿಯವನು ಎಲೆಯ ಮುಂದಿನಿಂದ ಕದಲಲಿಲ್ಲ. ಅವನ ಹೆಸರಿನಲ್ಲಿ ನಾನಿಟ್ಟ ಬಿಳಿ ಚಿತ್ರ ಥೀಮಿನ ಫೋಲ್ಡರಿನಲ್ಲಿ ಹಾಗೆಯೇ ಬಿದ್ದಿತ್ತು, ಕರೆಯೋಲೆ ತಲುಪದ ನೆಂಟನಂತೆ. ಕಾರಣ ಹುಡುಕಿದಾಗ ಸ್ವಲ್ಪ ಚರಿತ್ರೆ ಸಿಕ್ಕಿತು. ಪರದೆಯ ಮೂಲೆಯಲ್ಲಿ ಚಿತ್ರ ಕೂರಿಸುವ ಅಭ್ಯಾಸವನ್ನು ಮನೆಮನೆಗೆ ತಲುಪಿಸಿದ್ದು 1995ರ ವಿಂಡೋಸ್. ಲಿನಕ್ಸ್‌ನಲ್ಲಿ ಅದಕ್ಕಾಗಿ ಮೊದಲಿದ್ದ ಒಪ್ಪಂದದ ಹೆಸರು ಎಕ್ಸ್‌ಎಂಬೆಡ್: ಪಟ್ಟಿ ಜಾಗ ಕೊಡುತ್ತದೆ, ತಂತ್ರಾಂಶ ತನ್ನದೇ ಪುಟ್ಟ ಕಿಟಕಿ ತಂದು ಅಲ್ಲಿ ಕೂರಿಸುತ್ತದೆ, ಒಳಗೆ ಯಾವ ಬಣ್ಣ ಬಳಿದೆ ಎಂದು ಕೇಳುವ ಹಕ್ಕು ಪಟ್ಟಿಗಿಲ್ಲ. ಮನೆ ಬಾಡಿಗೆಗೆ ಕೊಟ್ಟವರಿಗೆ ಈ ಸಂಬಂಧ ಗೊತ್ತು. ಮುಂದೆ ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಬಳಗದಿಂದ ಇನ್ನೊಂದು ಪದ್ಧತಿ ಬಂತು: ತಂತ್ರಾಂಶ ಚಿತ್ರದ ಹೆಸರನ್ನಷ್ಟೇ ಹೇಳುತ್ತದೆ, ಬಣ್ಣ ಬಳಿಯುವುದು ಪಟ್ಟಿಯ ಕೆಲಸ. ಗ್ನೋಮ್ ಎಂಬ ಮತ್ತೊಂದು ಡೆಸ್ಕ್‌ಟಾಪಿನವರಂತೂ ಈ ತಕರಾರೇ ಬೇಡವೆಂದು 2017ರಲ್ಲಿ, ತಮ್ಮ 3.26ನೇ ಆವೃತ್ತಿಯಲ್ಲಿ, ಹಳೆಯ ಚಿತ್ರಗಳ ಆ ಗೂಡನ್ನೇ ಕೆಡವಿಹಾಕಿದರು. ಅದೇ ವರ್ಷ ಗ್ನೋಮ್‌ಗೆ ಬಂದ, ಉಬುಂಟು ಎಂಬ ಲಿನಕ್ಸ್ ಬಗೆಯವರು ಒಂದು ವಿಸ್ತರಣೆ ಸೇರಿಸಿ ಬೇರೆ ಗೂಡು ಕಟ್ಟಿಕೊಂಡರು. ಹೊಸ ಪದ್ಧತಿಯಲ್ಲೂ ಒಂದು ಸಂದು ಉಳಿದಿದೆ. ಹೆಸರಿನ ಬದಲು ಚಿತ್ರವನ್ನೇ ಪಿಕ್ಸೆಲ್ ಪಿಕ್ಸೆಲಾಗಿ ಕಳುಹಿಸಬಹುದು. ಹಾಗೆ ಕಳುಹಿಸಿದರೆ ಥೀಮ್, ವಂಶಾವಳಿ, ಅಪ್ಪನ ಮನೆ ಯಾವುದೂ ನಡೆಯುವುದಿಲ್ಲ. ನನ್ನ ನೀಲಿಯವನು ಆ ಸಂದಿನಿಂದ ಬಂದವನು.

ಇಂಥವರಿಗೂ ಮದ್ದಿಲ್ಲದಿಲ್ಲ. 'ಹಾರ್ಡ್‌ಕೋಡ್-ಟ್ರೇ' ಎಂಬ ಉಪಕರಣವಿದೆ. ತಂತ್ರಾಂಶದ ಹೊಟ್ಟೆಯೊಳಗೇ ಕೈಹಾಕಿ ಚಿತ್ರ ಬದಲಿಸುತ್ತದೆ. ಬುಧವಾರ ನಿಯಮಾವಳಿ ಕಳುಹಿಸಿದ ಮೇಲೆ (ಗುರುವಾರ ಬೆಳಗಿನ ಜಾವ ಎರಡು ಗಂಟೆಯನ್ನು ನಾನು ಬುಧವಾರವೆಂದೇ ಎಣಿಸುತ್ತೇನೆ) ಅದನ್ನೂ ಮಾಡಿದೆ. ಏಳೂ ಬಿಳಿಯಾದವು. ಆ ಸಾಲನ್ನು ನೋಡುತ್ತ ಎರಡು ಲೋಟ ಕಾಫಿ ಕುಡಿದೆ. ಹೆಂಡತಿಯನ್ನು ಕರೆದು ತೋರಿಸಿದೆ. "ಏನು ತೋರಿಸುತ್ತಿದ್ದೀರಿ?" ಎಂದಳು. ಬೆರಳಿಟ್ಟು ತೋರಿಸಿದೆ. "ಮೊದಲೂ ಹೀಗೇ ಇತ್ತಲ್ಲ?" ಎಂದಳು. ಆರನೆಯ ದಿನ ಬಾಣದ ಚಿತ್ರ ಅಪ್‌ಡೇಟ್ ಬಂದಿದೆ ಎಂದಿತು. ನಾನು ವಿಧೇಯನಾಗಿ ಒತ್ತಿದೆ. ತಂತ್ರಾಂಶ ಹೊಸದಾಗಿ ಇಳಿಯಿತು, ಹೊಟ್ಟೆಯೂ ಹೊಸದು. ನೀಲಿ.

ಅವತ್ತು ನಾನು ಊಟಕ್ಕೆ ಬರಲು ತಡಮಾಡಿದಾಗ ಅವಳೇ ಬಂದು ಪಕ್ಕದಲ್ಲಿ ನಿಂತು ನೋಡಿದಳು. "ಈ ಒಂದು ಚುಕ್ಕೆಗೋಸ್ಕರವೇ ಹತ್ತು ದಿನದಿಂದ?" ಎಂದಳು. ಹೌದೆಂದೆ. ಒಳಗೆ ಹೋದಳು. ಬಚ್ಚಲಮನೆಯ ಕನ್ನಡಿಗೆ ಅಂಟಿಸಿಟ್ಟಿದ್ದ ಕಪ್ಪು ಸ್ಟಿಕ್ಕರ್ ಬೊಟ್ಟನ್ನು ಉಗುರಿನಿಂದ ಬಿಡಿಸಿ ತಂದು, ಪರದೆಯ ಮೂಲೆಯಲ್ಲಿ ನೀಲಿಯವನ ಮೇಲೆ ಸರಿಯಾಗಿ ಒತ್ತಿದಳು. ಕಪ್ಪು ಪಟ್ಟಿಯ ಮೇಲೆ ಕಪ್ಪು ಬೊಟ್ಟು. ಇದೆಯೆಂದೇ ತಿಳಿಯುವುದಿಲ್ಲ. "ಸಾರು ಆರುತ್ತಿದೆ" ಎಂದು ಹೋದಳು.

ಈಗಲೂ ಅದು ಅಲ್ಲೇ ಇದೆ. ಏನಾದರೂ ಮುದ್ರಿಸಲು ಕೊಟ್ಟಾಗ ಮಾತ್ರ ಸ್ವಲ್ಪ ಪೇಚು. ಪ್ರಿಂಟರಿನ ಚಿತ್ರವೊಂದು ನಡುವೆ ನುಸುಳಿ, ಎಡಗಡೆಯವರನ್ನೆಲ್ಲ ಒಂದೊಂದು ಸ್ಥಾನ ಸರಿಸುತ್ತದೆ. ನೀಲಿಯವನು ಬೊಟ್ಟಿನ ಆಚೆಗೆ ಬಂದು ಇಣುಕುತ್ತಾನೆ, ಬ್ಯಾಟರಿ ಬೊಟ್ಟಿನ ಕೆಳಗೆ ಸೇರುತ್ತದೆ. ಆಗ ನಾನು ಮೇಜಿನ ಕೆಳಗೆ ಕೈಹಾಕಿ, ಗೋಡೆಯಲ್ಲಿರುವ ಪಿನ್ನು ನನ್ನದೋ ಮಿಕ್ಸಿಯದೋ ಎಂದು ತಡವಿ ನೋಡಿಕೊಳ್ಳುತ್ತೇನೆ.