ಆ ಹುಡುಗನ ರಿಷಭ ಎಲ್ಲಿ ಹೋಯಿತು?

ನಿನ್ನೆ ರಾತ್ರಿಯಿಂದ ಸಿಟ್ಟು ಇಳಿದಿಲ್ಲ. ಬರೆದರಾದರೂ ಇಳಿದೀತು ಅಂತ ಕೂತಿದ್ದೇನೆ.

ಅವ್ವನ ಕಣ್ಣಿನ ಸಂಗತಿ ನಿಮಗೆಲ್ಲ ಗೊತ್ತಿದ್ದದ್ದೇ. ಗ್ಲಾಕೋಮಾ ಬಂದ ಮೇಲೆ ಬೆಳಕು, ನೆರಳು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಹೋದ ರವಿವಾರ ನಸುಕಿನಲ್ಲೇ ಧಾರವಾಡ ಬಿಟ್ಟು ಅವಳನ್ನು ಗದಗಿಗೆ ಕರೆದುಕೊಂಡು ಹೋಗಿದ್ದೆವು. ನಾನು, ತಮ್ಮ, ತಮ್ಮನ ಮಗ. ಮೊದಲು ವೀರೇಶ್ವರ ಪುಣ್ಯಾಶ್ರಮ, ಆಮೇಲೆ ಲಕ್ಕುಂಡಿ.

ನಿನ್ನೆ ಹುಡುಗ ಮನೆಯ ವಾಟ್ಸಾಪ್ ಗುಂಪಿಗೆ ಒಂದು ರೀಲ್ಸ್ ಹಾಕಿದ. 30 ಸೆಕೆಂಡಿನದು. ಪುಟ್ಟರಾಜ ಗವಾಯಿಗಳ ಗದ್ದುಗೆ, ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲು, ಕಂಬ ಹಿಡಿದು ನಿಂತ ಅವ್ವ. ಎಲ್ಲದರ ಮೇಲೆ, ಈಗ ಎಲ್ಲರ ಫೋನಿನಲ್ಲೂ ಕುಣಿಯುತ್ತಿರುವ ಒಂದು ಸಿನೆಮಾ ಹಾಡು. ಅವ್ವ ಫೋನನ್ನು ಕಿವಿಗೆ ಹಿಡಿದು ಕೊನೆಯವರೆಗೂ ಕೇಳಿದಳು.

"ಇದು ಯಾವೂರೋ ತಮ್ಮಾ?"

"ಗದಗ ಅಜ್ಜಿ. ಮೊನ್ನೆ ಹೋಗಿದ್ದಿವಲ್ಲ."

"ಗದಗಿನ ದನಿ ಇದರಾಗ ಎಲ್ಲೈತಿ?"

ಅವನ ಹತ್ತಿರ ಉತ್ತರ ಇರಲಿಲ್ಲ.

ಆಶ್ರಮದಲ್ಲಿ ಆವತ್ತು ಏನು ನಡೆಯಿತು ಅಂತ ಹೇಳಬೇಕು. ಪಂಚಾಕ್ಷರ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜರು, ಇಬ್ಬರಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಅಲ್ಲಿ ಇವತ್ತಿಗೂ ಅನ್ನ ಹಾಕಿ ಸಂಗೀತ ಕಲಿಸುತ್ತಾರೆ. ನಾವು ಹೋದಾಗ ಒಂದು ಕೋಣೆಯಲ್ಲಿ ತಬಲಾ, ಇನ್ನೊಂದರಲ್ಲಿ ಹಾರ್ಮೋನಿಯಂ. ಇವೆರಡರ ನಡುವೆ ಹತ್ತು ಹನ್ನೊಂದರ ಒಬ್ಬ ಹುಡುಗ ಭೈರವ ರಾಗದ ಒಂದೇ ತುಣುಕನ್ನು ತಿರುತಿರುಗಿ ಹಾಡುತ್ತಿದ್ದ. ಕೋಮಲ ರಿಷಭವನ್ನು, ಅಂದರೆ ತುಸು ತಗ್ಗಿಸಿದ 'ರಿ' ಸ್ವರವನ್ನು, ಆಂದೋಲನದಲ್ಲಿ ಮೆಲ್ಲಗೆ ತೂಗಿಸುತ್ತ ನಿಲ್ಲಿಸಬೇಕು, ಅವನದು ಮೇಲಕ್ಕೆ ಜಾರುತ್ತಿತ್ತು. ಮತ್ತೆ ಷಡ್ಜ, ಅಂದರೆ 'ಸ', ಮತ್ತೆ ರಿಷಭ, ಮತ್ತೆ ಅದೇ ಜಾಗದಲ್ಲಿ ಜಾರು. ಅವ್ವ ಕಂಬ ಹಿಡಿದು ಅರ್ಧ ತಾಸು ನಿಂತಳು. ಕೂಡ್ರು ಅಂದರೆ ಕೂಡ್ರಲಿಲ್ಲ. ಅವಳ ಪಾಲಿಗೆ ಗದಗ ಅಂದರೆ ಆ ಜಾರುವ ರಿಷಭ. ಅದನ್ನೇ ಒರೆಸಿ ಹಾಕಿದ್ದಾನೆ ನಮ್ಮ ಹುಡುಗ.

ಭೈರವ ಬೆಳಗಿನ ರಾಗ. ನಮ್ಮ ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಕ್ಕೊಂದು ಹೊತ್ತಿದೆ. ಹಾಗಾಗಿ ರಾಗ ನೆನಪಾದರೆ ಊರಿನ ಜೊತೆಗೆ ಆ ಹೊತ್ತೂ ಬರುತ್ತದೆ, ಎಳೆಬಿಸಿಲು, ಕಾಲಡಿಯ ತಣ್ಣನೆ ಕಲ್ಲು. ಫೋಟೋದಲ್ಲಿ ಆ ತಂಪು ಸಿಗುತ್ತದೆಯೇ?

ನಾನು ಇಷ್ಟು ಉರಿಯುವುದಕ್ಕೆ ಇನ್ನೊಂದು ಕಾರಣ ಇದೆ. ಇಲ್ಲಿ ಯಾವತ್ತೂ ಬರೆದಿಲ್ಲ. ಅಪ್ಪ ಇದ್ದಾಗ ಕುಂದಗೋಳದ ನಾಡಿಗೇರ ವಾಡೆಗೆ, ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತಕ್ಕೆ ಇಬ್ಬರೇ ಹೋಗಿದ್ದೆವು. ಹೋಗುವಾಗ ಹೊಲದ ವಿಷಯಕ್ಕೆ ಜಗಳ, ಇಡೀ ರಾತ್ರಿ ಒಂದು ಮಾತಿಲ್ಲ. ಬೆಳಗಿನ ಜಾವ ಸಂಗೀತ ಭೈರವಿ ರಾಗದಲ್ಲಿ ಮುಗಿಯಿತು. ಹುಬ್ಬಳ್ಳಿ ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ಮುಖ ಮಾಡಿ ಅದೇ ಭೈರವಿ ಗುನುಗುತ್ತ ಬಂದರು. ನಾನು ಬಿಗಿದುಕೊಂಡೇ ಕೂತಿದ್ದೆ. ಅವರು ಹೋಗಿ ವರ್ಷ ಕಳೆದ ಮೇಲೆ, ಒಂದು ದಿನ ಧಾರವಾಡ ಆಕಾಶವಾಣಿಯಲ್ಲಿ ಭೈರವಿ ಬಂತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಆರಿಸಲು ಕೈ ಏಳಲಿಲ್ಲ. ಅಪ್ಪ ಆ ದಿನ ನನ್ನ ಜೊತೆ ರಾಜಿಯಾಗಲು ನೋಡಿದ್ದರು ಅಂತ ಅವತ್ತು ತಿಳಿಯಿತು. ಆ ಪ್ರಯಾಣದ ಫೋಟೋ ಒಂದು ಕಪಾಟಿನಲ್ಲಿದೆ. ಅದು ನನಗೆ ಯಾವತ್ತೂ ಏನೂ ಹೇಳಿಲ್ಲ.

ಹುಡುಗ ವಾದ ಮಾಡಿದ. "ಅತ್ತಿ, ನಾಳೆ ಆ ಹಾಡು ಕೇಳಿದ್ರ ನನಗ ಗದಗ ನೆನಪಾಗ್ತದಲ್ಲ." ಹೇಗೆ ಆಗುತ್ತದಪ್ಪಾ? ಅಣ್ಣಿಗೇರಿಯಿಂದ ಹುಲಕೋಟಿವರೆಗೆ ಕಾರಿನಲ್ಲಿ ಒಂದೇ ಸಿನೆಮಾ ಹಾಡನ್ನು ಮೂರು ಸಲ ಹಚ್ಚಿದೆ, ನಿನ್ನ ಜೊತೆ ನಾವೂ ಹಾಡಿದೆವು. ಅದನ್ನಾದರೂ ಹಾಕಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ, ಅದು ನಮ್ಮ ದಾರಿಯ ಹಾಡು. ನೀನು ಹಾಕಿದ ಹಾಡು ಆವತ್ತು ಯಾರ ಕಿವಿಗೂ ಬಿದ್ದದ್ದಲ್ಲ. ಎಲ್ಲ ಊರಿಗೂ ಅದೇ ಹಾಡು ಅಂಟಿಸಿದರೆ ನಾಳೆ ಅದು ಕೇಳಿದಾಗ ಯಾವ ಊರು ಬರಬೇಕು?

"ಈಗ 30 ಸೆಕೆಂಡ್ ಮೇಲೆ ಯಾರೂ ನೋಡೂದಿಲ್ಲ" ಅಂತ ತಮ್ಮನೂ ಮಗನ ಪರ ನಿಂತ. ನಾನೇನು ಉದ್ದದ್ದು ಬೇಕು ಅಂದೆನೇ? ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿ ಇದ್ದದ್ದು ಮೂರು ನಿಮಿಷದ ಆಸುಪಾಸಿನ ಒಂದು ಗ್ರಾಮಫೋನ್ ತಟ್ಟೆಯಲ್ಲಿ. ಅದನ್ನು ಕೇಳಿ ಇದೇ ಗದಗಿನಿಂದ 11 ವರ್ಷದ ಭೀಮಸೇನ ಜೋಶಿಯವರು 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ್ ಎಲ್ಲ ಸುತ್ತಿ ಕೊನೆಗೆ ಗುರು ಸಿಕ್ಕದ್ದು ಮನೆಯ ಬಾಗಿಲಿಗಿದ್ದ ಕುಂದಗೋಳದಲ್ಲಿ, ಅದೇ ಖಾನರ ಶಿಷ್ಯ ಸವಾಯಿ ಗಂಧರ್ವರು. ಹುಡುಗನ ಫೋನಿನಲ್ಲಿ ಆ ರಿಷಭ ಹತ್ತು ಸೆಕೆಂಡು ಇದ್ದರೂ ಅವ್ವನಿಗೆ ಸಾಕಾಗುತ್ತಿತ್ತು.

ಮೂಲ ವಿಡಿಯೋ ಕಳಿಸು ಅಂದೆ. ಜಾಗ ಇಲ್ಲ ಅಂತ ಅಳಿಸಿಬಿಟ್ಟಿದ್ದಾನೆ.

ಗೆಳೆಯರೇ, ಎಲ್ಲಿಗಾದರೂ ಹೋದಾಗ ಒಂದೇ ಒಂದು ನಿಮಿಷ ಫೋನನ್ನು ಜೇಬಿನಲ್ಲೇ ಇಟ್ಟು ಅಲ್ಲಿಯ ದನಿಯನ್ನು ಹಿಡಿದುಕೊಳ್ಳಿ. ಮನೆಗೆ ಬಂದ ಮೇಲೆ ಅದರ ಮೇಲೆ ಬೇರೆ ಹಾಡು ಸುರಿಯಬೇಡಿ.

ಇವತ್ತು ಬೆಳಿಗ್ಗೆ ಅವ್ವ ಮೆಂತ್ಯೆ ಸೋಸುತ್ತ ಕೂತಿದ್ದಳು. ಮೆಲ್ಲಗೆ ಗುನುಗುತ್ತಿದ್ದಳು. ಷಡ್ಜ, ರಿಷಭ, ಅದೇ ಜಾಗಕ್ಕೆ ಬಂದು ರಿಷಭ ಮೇಲಕ್ಕೆ ಜಾರಿತು. ಬಾಗಿಲಲ್ಲಿ ನಿಂತು ಕೇಳಿದೆ. ನನ್ನ ಹೆಜ್ಜೆ ಸಪ್ಪಳ ಗುರುತು ಹಿಡಿದು ತಲೆ ಎತ್ತಿದಳು.

"ಆ ಹುಡುಗಗ ರಿಷಭ ಇಷ್ಟೊತ್ತಿಗೆ ಕೂತಿರಬೇಕಲ್ಲ? ಒಮ್ಮೆ ಹೋಗಿ ಕೇಳಿ ಬರೂಣೇನ?"