ಅತಿಥಿಗೆ ತಿಥಿಯಿಲ್ಲ

ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ಹಿರಿಯರು ಅರ್ಥ ಹೇಳುತ್ತಿದ್ದರು. ನಮ್ಮ ಉನ್ನತ ಶಿಕ್ಷಣ ಆ ಅರ್ಥವನ್ನು ಇನ್ನಷ್ಟು ಬೆಳೆಸಿದೆ. ನನ್ನ ಗೆಳೆಯರೊಬ್ಬರು ಅತಿಥಿ ಉಪನ್ಯಾಸಕರು. ಭೌತಶಾಸ್ತ್ರ ಪಾಠ ಮಾಡಲು ಬಂದು 15 ವರ್ಷವಾಯಿತು. ಹೋಗುವ ತಿಥಿ ಗೊತ್ತಿಲ್ಲ, ಹಣ ಕೈಸೇರುವ ತಿಥಿಯಂತೂ ಯಾವ ಪಂಚಾಂಗದಲ್ಲೂ ಇಲ್ಲ. ಕೊಡುವುದು ಸಂಬಳವಲ್ಲ, ಗೌರವಧನ. ಧನ ತಡವಾದರೆ ಗೌರವವನ್ನೇ ಉಂಡು ಮಲಗಬೇಕು.

ಸಹ ಪ್ರಾಧ್ಯಾಪಕ ಹುದ್ದೆಗೆ 8 ವರ್ಷದ ಅನುಭವ ಸಾಕು ಎಂದು ತಿಳಿದು ಅರ್ಜಿ ಹಾಕಿದರು. ತಿರಸ್ಕೃತ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ, ಹಂಗಾಮಿ ಸೇವೆ ಲೆಕ್ಕಕ್ಕೆ ಬರಬೇಕಾದರೆ ಆಗ ಸಿಕ್ಕ ಸಂಬಳ ಕಾಯಂ ಅಧ್ಯಾಪಕರ ಸಂಬಳಕ್ಕಿಂತ ಕಡಿಮೆ ಇರಬಾರದು. ಕಡಿಮೆ ಕೊಟ್ಟವರು ಯಾರು ಎಂದು ಕೇಳಬೇಡಿ. ಅಗ್ಗದ ಅನುಭವ ಅನುಭವವೇ ಅಲ್ಲ, ಅಷ್ಟೆ.

ಇರಲಿ ಎಂದು ಒಂದು ಮೆಟ್ಟಿಲು ಇಳಿದು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದರು. ಇಲ್ಲಿ ಪ್ರತಿಭೆಗೆ ತಕ್ಕಡಿಯೇ ಇದೆ: ಪಿಎಚ್.ಡಿ.ಗೆ 30 ಅಂಕ, ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್‌ಗೆ 5, ಪ್ರತಿ ಸಂಶೋಧನಾ ಲೇಖನಕ್ಕೆ 2, ಹೀಗೆ ಒಟ್ಟು ನೂರು. ಆದರೆ ಈ ಅಂಕಗಳು ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ. ಆಯ್ಕೆಗೆ ಸಂದರ್ಶನವೊಂದೇ ಆಧಾರ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟಂತೆ ಅಂಕಗಳನ್ನು ಹೊರಗೆ ಬಿಟ್ಟು ಒಳಗೆ ಹೋಗಬೇಕು. ಹೊರಗೆ ಬಂದಾಗ ಚಪ್ಪಲಿಯೂ ಇರುವುದಿಲ್ಲ.

ಒಳಗೆ ಕುಲಪತಿಗಳ ಅಧ್ಯಕ್ಷತೆ. ಪಕ್ಕದಲ್ಲಿ ವಿಷಯತಜ್ಞರು, ಅನುಮೋದಿತ ಪಟ್ಟಿಯಿಂದ ಅವರನ್ನು ಆರಿಸುವವರೂ ಕುಲಪತಿಗಳೇ. ಗೆಳೆಯರು ಕ್ವಾಂಟಮ್ ಸಿದ್ಧಾಂತವನ್ನು ರಾತ್ರಿಯಿಡೀ ಮೆಲುಕು ಹಾಕಿಕೊಂಡು ಹೋಗಿದ್ದರು. ಮೊದಲ ಪ್ರಶ್ನೆ ಬಂತು.

“ತಮ್ಮದು ಯಾವ ಊರು?”

ಹೇಳಿದರು.

“ಊರಿನಲ್ಲಿ ಯಾವ ಕಡೆ?”

ಅದನ್ನೂ ಹೇಳಿದರು.

“ಮನೆದೇವರು?”

ಕಣದ ಸ್ಥಾನವನ್ನೂ ವೇಗವನ್ನೂ ಒಟ್ಟಿಗೆ ಕರಾರುವಾಕ್ಕಾಗಿ ಅಳೆಯಲಾಗದು ಎಂದು ಭೌತಶಾಸ್ತ್ರ ಹೇಳುತ್ತದೆ. ಅಭ್ಯರ್ಥಿಯ ಸ್ಥಾನವನ್ನು ಸಮಿತಿ ಮೂರೇ ಪ್ರಶ್ನೆಗಳಲ್ಲಿ ಕರಾರುವಾಕ್ಕಾಗಿ ಅಳೆದು ಮುಗಿಸಿತ್ತು. “ಸಂತೋಷ, ಹೋಗಿ ಬನ್ನಿ” ಎಂದರು.

ಫಲಿತಾಂಶ: ಅರ್ಹರು ಯಾರೂ ಸಿಗಲಿಲ್ಲ. ಇದಕ್ಕೆ ಎನ್‌ಎಫ್‌ಎಸ್ (ನಾಟ್ ಫೌಂಡ್ ಸೂಟಬಲ್) ಎಂಬ ಇಂಗ್ಲಿಷ್ ಹೆಸರೂ ಉಂಟು. ಮೀಸಲು ಹುದ್ದೆಗಳ ಅಭ್ಯರ್ಥಿಗಳನ್ನು ಕೇಳಿ, ಆ ಮೂರಕ್ಷರವನ್ನು ನಿದ್ದೆಯಲ್ಲೂ ಹೇಳುತ್ತಾರೆ. ಹುದ್ದೆ ಖಾಲಿ ಉಳಿಯಿತು. ಆದರೆ ಆ ಹುದ್ದೆಯ ಪಾಠ ನಿಲ್ಲುವಂತಿಲ್ಲವಲ್ಲ! ಮರುವಾರವೇ ವಿಭಾಗದಿಂದ ಗೆಳೆಯರಿಗೆ ಫೋನ್ ಬಂತು: “ಸರ್, ಸೋಮವಾರದಿಂದ ಆ ತರಗತಿಗಳನ್ನು ನೀವೇ ನೋಡಿಕೊಳ್ಳಬೇಕು. ಅತಿಥಿಯಾಗಿ.”